ಪ್ರಸಾರವಾಗದ ಎರಡನೆಯ ಕಂತು

ನಮ್ಮ ಧಾರಾವಾಹಿಯ ಮೊದಲ ಕಂತು ಟಿವಿಯಲ್ಲಿ ಬಂದ ಮರುದಿನ ಬೆಳಿಗ್ಗೆ ನಾವು ಔರಾದದ ಬಸ್ ನಿಲ್ದಾಣದ ಬಳಿ ಚಿತ್ರೀಕರಣಕ್ಕೆ ನಿಂತಿದ್ದೆವು. ಹಿಂದಿನ ಸಂಜೆಯ ಸಂಭ್ರಮ ಯಾರ ಮುಖದಿಂದಲೂ ಇಳಿದಿರಲಿಲ್ಲ. ಚಹಾ ಅಂಗಡಿಯವರು ಲೋಟ ಕೊಡುತ್ತ, "ನಿನ್ನಿ ಮನಿಮಂದಿ ಎಲ್ಲಾ ಕುಂತು ನೋಡಿದೆವ್ರಿ. ನಮ್ಮ ಮಾತೇ ಬರ್ತದಲ್ರಿ ಅದರಾಗ!" ಎಂದು ಇನ್ನೂ ನಂಬಲಾರದವರಂತೆ ನಕ್ಕರು. ನಿರ್ದೇಶಕರು ಆ ಮಾತನ್ನು ಅವರಿಂದ ಇನ್ನೊಮ್ಮೆ ಹೇಳಿಸಿ ಕೇಳಿದರು.

ನಾನು ಆ ತಂಡದಲ್ಲಿ ಧ್ವನಿ ಹಿಡಿಯುವವಳು. ಊರು ಭಾಲ್ಕಿ. ಕಥೆ ಬೀದರ-ಔರಾದ ದಾರಿಯಲ್ಲಿ ಬಸ್ಸು ಓಡಿಸುವ ಚಾಲಕನೊಬ್ಬನದು, ಅವನ ಮನೆಯವರದು. ನಿರ್ದೇಶಕರು ಬಗದಲ್ ಕಡೆಯವರು. ಈ ಕಥೆಯನ್ನು ಹೊತ್ತುಕೊಂಡು ಅವರು ಎಷ್ಟೋ ವಾಹಿನಿಗಳ ಮೆಟ್ಟಿಲು ಹತ್ತಿಳಿದಿದ್ದರು. ಕೊನೆಗೆ ಒಂದು ವಾಹಿನಿ ಒಪ್ಪಿದಾಗ ಅವರು ಹಾಕಿದ ಷರತ್ತು ಒಂದೇ: ಮಾತನ್ನು ಬೆಂಗಳೂರಿನ ಸ್ಟುಡಿಯೋದಲ್ಲಿ ಡಬ್ ಮಾಡುವಂತಿಲ್ಲ, ಚಿತ್ರೀಕರಣದ ಜಾಗದಲ್ಲೇ ಹಿಡಿಯಬೇಕು. "ಬಾಯಿ ನಮ್ಮ ಮಂದೀದು, ಮಾತು ಇನ್ಯಾರದೋ, ಅದು ಆಗಂಗಿಲ್ರಿ ಮೇಡಂ" ಎಂದು ನನಗೆ ಫೋನಿನಲ್ಲಿ ಹೇಳಿದ್ದರು. ನನ್ನನ್ನು ಕರೆಸಿದ್ದೂ ಅದಕ್ಕೇ.

ಹೇಳಿದಷ್ಟು ಸುಲಭದ ಕೆಲಸವಾಗಿರಲಿಲ್ಲ. ನಾವು ಬಾಡಿಗೆಗೆ ಹಿಡಿದದ್ದು ಹಳೆಯ ಬಸ್ಸು. ಅದು ಓಡುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುತ್ತಿರಲಿಲ್ಲ. ಇಳಿಜಾರಿನಲ್ಲಿ ಇಂಜಿನ್ ಆರಿಸಿ ಬಿಡಲಾದೀತೇ ಎಂದು ಅದರ ಚಾಲಕರನ್ನು ಕೇಳಿದೆ. "ಇಂಜಿನ್ ಬಂದ್ ಆದ್ರ ಬ್ರೇಕಿಗಿ ಹವಾ ಸಾಲಂಗಿಲ್ರಿ. ನಿಮಗ ಅವಾಜ್ ಸಿಗ್ತದ, ನಮಗ ದವಾಖಾನಿ ಸಿಗ್ತದ" ಎಂದರು. ಮೈಕನ್ನು ಸೀಟಿನ ಬೆನ್ನಿಗೆ ಕಟ್ಟಿ ನೋಡಿದೆ, ನಟಿಯರ ಸೆರಗಿನೊಳಗೆ ಸಿಕ್ಕಿಸಿ ನೋಡಿದೆ. ಎಲ್ಲಿಟ್ಟರೂ ತಗಡಿನ ನಡುಕವೇ ಮೊದಲು ಬರುತ್ತಿತ್ತು. ಕಡೆಗೆ ಒಂದು ಕ್ರಮ ಕೈಹಿಡಿಯಿತು. ಒಂದೊಂದು ಶಾಟ್ ಮುಗಿದ ಕೂಡಲೇ ಬಸ್ಸನ್ನು ಬದಿಗೆ ನಿಲ್ಲಿಸುವುದು, ಇಂಜಿನ್ ಆರಿಸಿ ಗಾಜು ಏರಿಸುವುದು, ಅದೇ ಜನ ಅದೇ ಸೀಟಿನಲ್ಲಿ ಕೂತು ಅದೇ ಮಾತನ್ನು ಕ್ಯಾಮೆರಾ ಇಲ್ಲದೆ ಇನ್ನೊಮ್ಮೆ ಆಡುವುದು. ಹಾಗೆ ಬಿಸಿಯಾರುವ ಮೊದಲೇ ಹಿಡಿದ ಮಾತು ಆಮೇಲೆ ತುಟಿಯ ಚಲನೆಗೆ ಹೆಚ್ಚುಕಡಿಮೆ ಕೂರುತ್ತದೆ. ಕೂರದ ಕಡೆ ಪದಪದವನ್ನೂ ಸರಿಸಿ ಕೂರಿಸಬೇಕು. ಮೊದಲ ಎರಡು ಕಂತುಗಳಿಗೆ ನಾನು ಬೀದರಿನ ಲಾಡ್ಜ್ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಆ ಕೆಲಸ ಮಾಡಿದ್ದೆ.

ಹೊರಗಿನ ತೊಂದರೆಗಳೂ ಇದ್ದವು. ಚಿಂತಾಕಿಯ ಒಂದು ಮನೆಯಲ್ಲಿ ಚಿತ್ರೀಕರಣವಿದ್ದ ದಿನ ಎದುರಿನ ಹೊಲದಲ್ಲಿ ಸೋಯಾ ರಾಶಿ ನಡೆದಿತ್ತು. ಮೋಡ ಕವಿದಿತ್ತು. ರಾಶಿ ಮಷೀನ್ ನಿಲ್ಲಿಸಿ ಎನ್ನುವ ಬಾಯಿ ನಮಗೆ ಬರಲಿಲ್ಲ. ಕಾಳೆಲ್ಲ ಚೀಲ ಸೇರುವ ತನಕ ಇಡೀ ತಂಡ ಕಟ್ಟೆಯ ಮೇಲೆ ಕೂತಿತ್ತು.

ಇಷ್ಟರ ನಡುವೆ ನನಗೆ ಅತಿ ಕಷ್ಟ ಕೊಟ್ಟ ದನಿಯೆಂದರೆ ಸಿಸ್ಟರ್ ಅವರದು. ಚಾಲಕನ ತಾಯಿಯ ಪಾತ್ರ ಅವರದು. ಬೀದರಿನ ಮೆಥಡಿಸ್ಟ್ ಕುಟುಂಬದವರು. ದುಡಿದದ್ದೆಲ್ಲ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸ್ ಆಗಿ, ಈಗ ನಿವೃತ್ತರಾಗಿದ್ದರು. ಚರ್ಚಿನ ಕ್ರಿಸ್‌ಮಸ್ ನಾಟಕ ಬಿಟ್ಟರೆ ಬೇರೆಲ್ಲೂ ನಟಿಸಿದವರಲ್ಲ. ನಿರ್ದೇಶಕರು ಅವರನ್ನು ಒಂದು ಮದುವೆ ಮನೆಯಲ್ಲಿ ಕಂಡು, ಅವರು ಯಾರನ್ನೋ ಗದರಿಸುತ್ತಿದ್ದ ರೀತಿಗೆ ಮರುಳಾಗಿ ಕೇಳಿಕೊಂಡಿದ್ದರು. ಅವರ ತಮ್ಮನಿಗೆ ಇದು ಒಪ್ಪಿಗೆಯಿರಲಿಲ್ಲ. ಈ ವಯಸ್ಸಿನಲ್ಲಿ ಬಣ್ಣ ಹಚ್ಚಿಕೊಳ್ಳುವುದೇನು ಎಂದು ಒಂದಷ್ಟು ದಿನ ಮಾತು ಬಿಟ್ಟಿದ್ದರಂತೆ. ಸಿಸ್ಟರ್ ಕೇಳಲಿಲ್ಲ. ಆದರೆ ಅವರಿಗೊಂದು ಅಭ್ಯಾಸವಿತ್ತು. ಮಾತು ಗಂಭೀರವಾದಷ್ಟೂ ಅವರ ದನಿ ತಗ್ಗುತ್ತಿತ್ತು. "ಸಿಸ್ಟರ್, ಸ್ವಲ್ಪ ಜೋರಾಗಿ" ಎಂದರೆ, "ಪೇಶಂಟ್ ಮಲಗಿರ್ತಾರಲ್ರಿ ತಂಗಿ, ಜೋರು ಹ್ಯಾಂಗ್ ಮಾತಾಡಬೇಕು?" ಎಂದು ನಗುತ್ತಿದ್ದರು. ಕೊನೆಗೆ ಅವರನ್ನು ತಿದ್ದುವುದು ಬಿಟ್ಟು ಮೈಕನ್ನೇ ಅವರ ಗಂಟಲ ಹತ್ತಿರಕ್ಕೆ ಒಯ್ದೆ.

ಮೊದಲ ಕಂತಿನಲ್ಲಿ ಸಿಸ್ಟರ್ ಇರಲಿಲ್ಲ. ಅದು ಬಸ್ಸಿನೊಳಗಿನ ಕಥೆ. ತಾಯಿ ಬರುವುದು ಎರಡನೆಯದರಲ್ಲಿ, ಎಂದರೆ ಅಂದೇ ಸಂಜೆ.

ಅಂದು ಔರಾದದಲ್ಲಿ ತೆಗೆಯಬೇಕಿದ್ದದ್ದು ಮುಂದೆಲ್ಲೋ ಬರುವ ಕಂತಿನ ದೃಶ್ಯ. ಮಗನ ಬಸ್ಸಿಗೆ ಕಾಯುತ್ತ ನಿಂತ ತಾಯಿಗೆ ಅವನು ಇನ್ನಿಲ್ಲವೆಂದು ತಿಳಿಯುವ ದೃಶ್ಯ. ಸಿಸ್ಟರ್ ಸೀರೆ ಬದಲಿಸುತ್ತಿದ್ದರು. ಅವರು ನಿಲ್ಲುವ ಜಾಗದಲ್ಲಿ ಗಾಳಿ ಎಷ್ಟಿದೆ ನೋಡಬೇಕಿತ್ತು. "ನಾ ನಿಲ್ತೇನಿ ಕೊಡ್ರಿ" ಎಂದು ನಿರ್ದೇಶಕರೇ ಕಾಲರ್ ಮೈಕ್ ಸಿಕ್ಕಿಸಿಕೊಂಡು ದೂರದ ಬೇವಿನ ಮರದ ಕೆಳಗೆ ಹೋಗಿ ನಿಂತರು. ನಾನು ಹೆಡ್‌ಫೋನ್ ಹಾಕಿಕೊಂಡೆ. ಎಲೆಯ ಸದ್ದು, ಅವರ ಅಂಗಿಯ ಸರಸರ. ಅಷ್ಟರಲ್ಲಿ ಅವರ ಫೋನು ಬಂತು.

"ನಮಸ್ಕಾರ ಮೇಡಂ, ಹೇಳಿ." ವಾಹಿನಿಯ ಮೇಲ್ವಿಚಾರಕಿಯ ಜೊತೆ ಅವರು ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದರು. "ಹೌದು, ಇಲ್ಲೂ ಎಲ್ಲರೂ ನೋಡಿದ್ದಾರೆ... ಏನು?... ಇವತ್ತಿಂದು ಇಲ್ಲ ಅಂದ್ರೆ ನಾಳೆ ಹೋಗುತ್ತಾ?" ಆಮೇಲೆ, "ಒಂದೇ ಕಂತ ಹೋಗ್ಯಾದ ಮೇಡಂ. ಬರೀ ಒಂದು. ಒಂದು ನೋಡಿ ಬಂದ್ ಮಾಡ್ತಾರೇನ್ರಿ ಯಾರರ?"

ಅವರ ಕನ್ನಡ ನಡುವೆಯೇ ಮನೆಯ ಕನ್ನಡವಾದದ್ದು ಅವರಿಗೆ ಗೊತ್ತಾಗಿರಲಿಕ್ಕಿಲ್ಲ. ನನ್ನ ಕೈ ರೆಕಾರ್ಡರಿನ ಗುಂಡಿಯ ಮೇಲೇ ಇತ್ತು. ಕೇಳಬಾರದ್ದನ್ನು ಕೇಳುತ್ತಿದ್ದೇನೆಂದು ಹೊಳೆದರೂ ಹೆಡ್‌ಫೋನ್ ತೆಗೆಯಲು ಆಗಲಿಲ್ಲ. ಕಟ್ಟಕಡೆಗೆ ಅವರು, "ಇವರಿಗೆಲ್ಲಾ ನಾ ಯಾನ್ ಹೇಳ್ಲಿ?" ಎಂದರು. ಆ ಕಡೆಯವರು ಫೋನು ಇಟ್ಟಿದ್ದರೆಂದು ತೋರುತ್ತದೆ. ನಂತರ ಅವರ ಉಸಿರೊಂದೇ ಕೇಳುತ್ತಿತ್ತು. ಮರದ ಕೆಳಗೆ ಅವರು ಬೆನ್ನು ತಿರುಗಿಸಿ ನಿಂತಿದ್ದರು.

ಹಿಂದಿರುಗಿ ಬಂದು ಮೈಕ್ ಬಿಚ್ಚಿ ನನ್ನ ಕೈಗಿಟ್ಟರು. "ಅವಾಜ್ ಚೊಲೋ ಬಂತಿಲ್ರಿ?"

"ಬಂತು ಸರ್" ಎಂದೆ.

ಅವರು ಕ್ಯಾಮೆರಾದವರ ಕಡೆ ಹೋಗಿ ಏನೂ ಆಗದವರಂತೆ ಶಾಟ್ ವಿವರಿಸತೊಡಗಿದರು. ನಾನು ನೋಡುತ್ತಲೇ ನಿಂತೆ. ಅಷ್ಟರಲ್ಲಿ ಸಿಸ್ಟರ್ ಬಂದರು. ಮೈಕ್ ಸಿಕ್ಕಿಸಲು ಅವರ ಸೆರಗು ಸರಿಸಿದೆ.

"ಇವತ್ತು ಸಂಜಿಗಿ ನೀವೂ ನಮ್ಮ ಮನಿಗಿ ಬರಬೇಕ್ರಿ ತಂಗಿ" ಎಂದರು. "ಭಾಲ್ಕಿಯಿಂದ ನಮ್ಮ ಮೇಟ್ರನ್ ಬರ್ಲತ್ತಾರ. ನನಗ ಕೆಲಸ ಕಲಿಸಿದೋರು. ಚರ್ಚಿನೋರು ಕುರ್ಚಿ ಕೊಟ್ಟಾರ. ನಮ್ಮ ತಮ್ಮ ಸೈತ ಬರ್ತೇನಿ ಅಂದಾನ. ನಾ ಇವತ್ತ ಬರ್ತೇನಲ್ರಿ ಟಿವಿದಾಗ!"

ನಾನು ಮೈಕಿನ ತಂತಿ ಅಲ್ಲೇ ಬಿಟ್ಟು ನಿರ್ದೇಶಕರನ್ನು ಬಸ್ಸಿನ ಹಿಂದೆ ಕರೆದೆ. "ಸರ್, ನೀವು ಮಾತಾಡುವಾಗ ಮೈಕ್ ಆನ್ ಇತ್ತು" ಎಂದೆ.

ಅವರು ಮುಖ ತಗ್ಗಿಸಿದರು. "ಈ ಒಂದು ಸೀನ್ ಆಗ್ಲಿ ಮೇಡಂ. ಹೆಂಗಿದ್ರೂ ಎಲ್ಲಾರೂ ಬಂದಾರ, ಬಸ್ ನಿಂತದ. ಈ ಸೀನಿಗಾಗೇ ನಾ ಇಡೀ ಕಥಿ ಬರದೀನ್ರಿ. ಇದು ಆದ ಮ್ಯಾಲ ನಾನೇ ಹೇಳ್ತೇನಿ, ಖರೇ."

ಅವರ ಆಸೆ ನನಗೆ ಅರ್ಥವಾಗದೇ ಇರಲಿಲ್ಲ. ನಾನೂ ಆ ದೃಶ್ಯಕ್ಕಾಗಿ ಕಾದಿದ್ದೆ. ಮುಂದೆಂದಾದರೂ, ಎಲ್ಲಾದರೂ ಬಂದೀತು ಎಂದು ಒಂದು ಗಳಿಗೆ ನನ್ನ ಮನಸ್ಸೂ ತೂಗಾಡಿತು. ಆದರೆ ಸಿಸ್ಟರ್ ಆ ಮರದ ಕೆಳಗೆ ನಿಂತು, ತಮ್ಮ ಸಂಜೆ ಸತ್ತುಹೋದದ್ದು ಗೊತ್ತಿಲ್ಲದೆ ಇಲ್ಲದ ಮಗನಿಗಾಗಿ ಅಳುವುದು, ಅದನ್ನು ನಾನು ಎಲ್ಲ ಗೊತ್ತಿದ್ದು ಕಿವಿಯಲ್ಲಿ ಕೇಳುತ್ತ ಕೂರುವುದು ಆಗದ ಮಾತಾಗಿತ್ತು.

"ಅವರಿಗೆ ಹೇಳದೆ ನಾನು ರೆಕಾರ್ಡ್ ಮಾಡುವುದಿಲ್ಲ ಸರ್" ಎಂದೆ.

ಅವರು ವಾದ ಮಾಡಲಿಲ್ಲ. ಎಲ್ಲರನ್ನೂ ಬಸ್ಸಿನೊಳಗೆ ಕೂರಿಸಿ, ಕಂಬಿ ಹಿಡಿದು ನಿಂತು ಹೇಳಿದರು. ಮೊದಲು ಯಾರೂ ನಂಬಲಿಲ್ಲ. ಯಾರೋ ನಕ್ಕೂಬಿಟ್ಟರು. ಹೊರಗೆ ನಿಲ್ದಾಣದಲ್ಲಿ ಬೀದರ ಬಸ್ಸಿಗೆ ಜನ ಕೂಗುತ್ತಿದ್ದರು. ನಿರ್ದೇಶಕರು ಸಿಸ್ಟರ್ ಕಡೆ ತಿರುಗಿ, "ನೀವು ಹೂಂ ಅಂದ್ರ ಈ ಸೀನ್ ತೆಗೀತೀವ್ರಿ. ನಮಗಾಗಿ" ಎಂದರು.

ಸಿಸ್ಟರ್ ಒಪ್ಪುತ್ತಾರೆಂದೇ ನಾನು ಎಣಿಸಿದ್ದೆ. ಅಷ್ಟು ದಿನದಲ್ಲಿ ಅವರು ಯಾವುದಕ್ಕೂ ಒಲ್ಲೆ ಎಂದವರಲ್ಲ.

"ಇಲ್ರಿ" ಎಂದರು, ಅದೇ ತಗ್ಗಿದ ದನಿಯಲ್ಲಿ. "ವಾರ್ಡಿನಾಗ ಸತ್ತೋರ ತಾಯಂದಿರು ಅಳೋದು ಎಷ್ಟು ನೋಡೀನ್ರಿ ನಾ. ಅದು ನಾಕು ಮಂದಿ ನೋಡ್ಲಿ ಅಂತ ಮಾಡ್ಲತ್ತಿದ್ದೆ. ಯಾರೂ ನೋಡಲಾರದ ಕಡಿ, ಸುಮ್ಮ ಯಾಕ ಅಳಬೇಕ್ರಿ?"

ತಾವೇ ಮೈಕ್ ಬಿಚ್ಚಿ, ತಂತಿ ಸುತ್ತಿ, ನನ್ನ ಕೈಗೆ ಕೊಟ್ಟರು.

ಅದೇ ಬಸ್ಸಿನಲ್ಲಿ ಬೀದರಿಗೆ ಹೊರಟೆವು. ಸಿಸ್ಟರ್ ನನ್ನ ಪಕ್ಕದಲ್ಲಿ ಕೂತು ಮೇಟ್ರನ್‌ಗೆ ಫೋನು ಹಚ್ಚಿದರು. ಅವರು ಆಗಲೇ ಭಾಲ್ಕಿಯಿಂದ ರೈಲು ಹತ್ತಿದ್ದರು. "ಹೂಂ ಬರ್ರಿ, ಬರ್ರಿ" ಎಂದು ಸಿಸ್ಟರ್ ಫೋನು ಇಟ್ಟು, "ಮನಿಗಿ ಬಂದ ಮ್ಯಾಲ ಹೇಳ್ತೇನ್ರಿ" ಎಂದರು. ನಾನು ಅವರ ಜೊತೆಯೇ ಇಳಿದೆ. ಒಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ.

ಸಂಜೆ ಅವರ ಮನೆಯ ಹಜಾರ ತುಂಬಿಹೋಯಿತು. ಹಳೆಯ ಆಸ್ಪತ್ರೆಯವರು, ಚರ್ಚಿನಲ್ಲಿ ಜೊತೆಗೆ ಹಾಡುವವರು, ಓಣಿಯವರು. ಸಿಸ್ಟರ್ ಅವರ ತಮ್ಮ ಇಸ್ತ್ರಿ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತರು. ಮೇಟ್ರನ್ ತುಂಬ ವಯಸ್ಸಾದವರು, ಕೋಲೂರಿಕೊಂಡು ಬಂದು, "ಎಲ್ಲಿ ನಮ್ಮ ಹೀರೋಯಿನ್?" ಎಂದು ಸಿಸ್ಟರ್ ಗಲ್ಲ ಹಿಡಿದರು. ಸಿಸ್ಟರ್ ಬಾಯಿ ತೆರೆದರು. ಆದರೆ ಒಳಗೆ ಹೋಗಿ ಭಜಿ ತಟ್ಟೆ ತಂದರು. ಇನ್ನೊಮ್ಮೆ ಹೇಳಲು ಹೊರಟು ಚಹಾ ತಂದರು. ಎಷ್ಟೋ ಮನೆಗಳಿಗೆ ಕೆಟ್ಟ ಸುದ್ದಿ ಹೇಳಿದ್ದವರು ತಮ್ಮ ಸುದ್ದಿ ತಾವು ಹೇಳಲಾರದೆ ಹೋದದ್ದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ.

ಏಳಕ್ಕೆ ಟಿವಿಯಲ್ಲಿ ಜಾಹೀರಾತು ಮುಗಿದು ಒಂದು ಹಳೆಯ ಹಾಸ್ಯ ಕಾರ್ಯಕ್ರಮ ಶುರುವಾಯಿತು. ಜನ ಕಾದರು.

"ಟೈಮ್ ಹಿಂದಮುಂದ ಆಗ್ಯಾದ ಏನೋ."

"ತಡ್ರಿ, ಇನ್ನ ಬರ್ತದ."

ತಮ್ಮ ಎದ್ದು ಚಾನೆಲ್ ಸರಿಯಾಗಿದೆಯೇ ನೋಡಿದರು. ಸರಿಯಾಗಿಯೇ ಇತ್ತು. ಕಾರ್ಯಕ್ರಮದಲ್ಲಿ ಒಂದೊಂದು ಮಾತಿಗೂ ಯಾವಾಗಲೋ ಎಲ್ಲೋ ಹಿಡಿದಿಟ್ಟ ನಗು ಉಕ್ಕುತ್ತಿತ್ತು, ಹಜಾರದಲ್ಲಿ ಮಾತ್ರ ಒಬ್ಬರೂ ನಗಲಿಲ್ಲ. ನಾನು ಮೊಬೈಲಿನಲ್ಲಿ ವಾಹಿನಿಯ ಆ್ಯಪ್ ತೆರೆದೆ. ನಮ್ಮ ಧಾರಾವಾಹಿಯ ಹೆಸರೇ ಇರಲಿಲ್ಲ. ಹಿಂದಿನ ದಿನ ಪ್ರಸಾರವಾದ ಕಂತೂ ಇಲ್ಲ, ವಾರವೆಲ್ಲ ತೋರಿಸಿದ ಜಾಹೀರಾತೂ ಇಲ್ಲ. ನಿಲ್ಲಿಸಿದ್ದು ಬೇರೆ, ಇರಲೇ ಇಲ್ಲವೆಂಬಂತೆ ಒರೆಸಿಹಾಕಿದ್ದು ಬೇರೆ. ನಿನ್ನೆ ನೋಡಿದ್ದು ಕನಸೋ ಎನ್ನುವಂತಾಯಿತು.

"ಯಾಕವ್ವ, ಇವತ್ತಲ್ಲೇನು?" ಎಂದು ಮೇಟ್ರನ್ ಕೇಳಿದರು.

ಸಿಸ್ಟರ್ ಮಡಿಲಲ್ಲಿ ಕೈಯಿಟ್ಟುಕೊಂಡು ಟಿವಿಯನ್ನೇ ನೋಡುತ್ತಿದ್ದರು. ಅವರು ಉತ್ತರಿಸುವುದಿಲ್ಲವೆಂದು ಖಾತ್ರಿಯಾದಾಗ ನಾನೇ ಮುಂದೆ ಬಂದು ಹೇಳಿದೆ. ಧಾರಾವಾಹಿ ನಿಲ್ಲಿಸಿದ್ದಾರೆ, ಬೆಳಿಗ್ಗೆ ಗೊತ್ತಾಯಿತು, ಸಿಸ್ಟರ್ ತಪ್ಪು ಏನೂ ಇಲ್ಲ ಎಂದೆ. ಆ ಕೊನೆಯ ಮಾತು ಯಾಕೆ ಸೇರಿಸಿದೆನೋ! ಅದನ್ನು ಕೇಳಿ ಎಲ್ಲರೂ ಸಿಸ್ಟರ್ ಕಡೆ ತಿರುಗಿದರು. ಅವರ ತಮ್ಮ ಮಾತ್ರ ನೆಲ ನೋಡಿದರು.

ನನ್ನ ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ಎರಡನೆಯ ಕಂತಿತ್ತು. ಪ್ರಸಾರಕ್ಕೆ ಹೋಗುವ ಪ್ರತಿಯಲ್ಲ. ಧ್ವನಿ ಕೂರಿಸುವವರಿಗೆಂದು ಕೊಡುವ ಮಸುಕು ಚಿತ್ರ. ಎಲ್ಲಿ ಯಾವ ಮಾತು ಬರಬೇಕೆಂದು ಗುರುತಿಸಲು ಅದರ ಮೇಲೆ ಗಡಿಯಾರದಂತೆ ಅಂಕಿಗಳು ಓಡುತ್ತಿರುತ್ತವೆ. ಬಣ್ಣ ಸರಿಪಡಿಸಿರುವುದಿಲ್ಲ, ಸಂಗೀತ ಇರುವುದಿಲ್ಲ. ಅದನ್ನು ಹೊರಗಿನವರಿಗೆ ತೋರಿಸುವುದಿಲ್ಲವೆಂದು ನಾನು ಸಹಿ ಮಾಡಿದ್ದೆ. ಆ ವಾಹಿನಿ ನನಗೆ ಮುಂದೆಯೂ ಕೆಲಸ ಕೊಡಬಹುದಾಗಿತ್ತು.

ಅಂಗಳಕ್ಕೆ ಬಂದು ನಿರ್ದೇಶಕರಿಗೆ ಫೋನು ಮಾಡಿದೆ. "ಸಿಸ್ಟರ್ ಮನೆಯಲ್ಲಿ ಜನ ಬಂದು ಕೂತಿದ್ದಾರೆ ಸರ್. ನನ್ನ ಹತ್ತಿರ ಇರುವುದನ್ನು ತೋರಿಸಲೇ?"

"ನನ್ನ ಕೇಳಬ್ಯಾಡ್ರಿ ಮೇಡಂ. ನಾ ಹೂಂ ಅನ್ನಲಿಕ್ಕ ಬರಂಗಿಲ್ಲ" ಎಂದರು. ಫೋನು ಇಡುವ ಮೊದಲು, "ತಾಯಿ ಬರೋ ಕಡಿ ಅವಾಜ್ ಜರಾ ಜಾಸ್ತಿ ಇಡ್ರಿ" ಎಂದರು.

ಒಳಗೆ ಹೋಗಿ ಕೇಬಲ್ ಹಚ್ಚಿದೆ. ಹಾಸ್ಯ ಕಾರ್ಯಕ್ರಮ ಹೋಗಿ ನಮ್ಮ ಮಸುಕು ಚಿತ್ರ ಬಂತು. ಹೊಸ್ತಿಲ ಮೇಲೆ ಕೂತ ಸಿಸ್ಟರ್, ಅವರ ಹಣೆಯ ಮೇಲೆ ಓಡುವ ಅಂಕಿಗಳು.

"ಅದೇನು ನಂಬರ್ ಓಡ್ಲತ್ತಾವ? ಬಿ.ಪಿ. ಏನು?" ಎಂದರು ಮೇಟ್ರನ್. ಮೊದಲ ಬಾರಿ ಹಜಾರದಲ್ಲಿ ನಗೆ ಎದ್ದಿತು. ಆಮೇಲೆ ಯಾರೂ ಅಂಕಿಗಳನ್ನು ನೋಡಲಿಲ್ಲ. ಪರದೆಯ ಮೇಲಿನ ತಾಯಿ ಮಗನಿಗೆ ಬುತ್ತಿ ಕಟ್ಟುತ್ತ ಬೈದಳು. ಬಸ್ಸಿನ ಹೊಗೆಯ ಹಿಂದೆ ಒಂದಿಷ್ಟು ದೂರ ನಡೆದಳು. ಸಂಗೀತವಿಲ್ಲದ್ದರಿಂದ ಅವಳ ಚಪ್ಪಲಿಯ ಸದ್ದು ಪೂರ್ತಿ ಕೇಳುತ್ತಿತ್ತು. ತಮ್ಮ ಒಮ್ಮೆಯೂ ಕುರ್ಚಿಗೆ ಒರಗಲಿಲ್ಲ. ಕಂತು ಮುಗಿದು ಪರದೆ ಕಪ್ಪಾದಾಗ ಅವರು ಎದ್ದು, ಅಕ್ಕನ ಹತ್ತಿರ ಹೋಗಿ, ಏನು ಹೇಳಬೇಕೋ ತಿಳಿಯದೆ, "ಅವ್ವನಂಗೇ ಬೈತೀ" ಎಂದಷ್ಟೇ ಹೇಳಿ ಹೊರಗೆ ಹೋದರು. ಓಣಿಯವರೆಲ್ಲ ಸಿಸ್ಟರ್ ಕೈ ಹಿಡಿದು ಹೊಗಳಿದರು.

ಎಲ್ಲರೂ ಹೋದ ಮೇಲೆ ನಾನು ಕೇಬಲ್ ಸುತ್ತುತ್ತಿದ್ದೆ. ಸಿಸ್ಟರ್ ಖಾಲಿ ಕುರ್ಚಿಗಳ ನಡುವೆ ಕೂತಿದ್ದರು. ಅಳುತ್ತಾರೇನೋ ಎಂದು ನಾನು ಆ ಕಡೆ ನೋಡಲಿಲ್ಲ.

"ನಾ ಚೊಲೋ ಮಾಡಿಲ್ರಿ" ಎಂದರು.

"ಹಾಗನ್ನಬೇಡಿ ಸಿಸ್ಟರ್. ಎಲ್ಲರೂ..."

"ಅವರು ನಮ್ಮೋರು, ಅಂತಾರ. ಬಸ್ಸಿನ ಹಿಂದ ನಡಿಯೋ ಕಡಿ ನೋಡಿದ್ರಿಲ್ಲ? ಕ್ಯಾಮೆರಾ ಎಲ್ಲದ ಅಂತ ಕಣ್ಣು ಒಂದು ಸಲ ಆ ಕಡಿ ಹೊಳ್ಳ್ಯಾದ. ಮಗನ ಮ್ಯಾಲ ಜೀವ ಇದ್ದಾಕಿ ಹಂಗ್ ನೋಡಂಗಿಲ್ರಿ. ಆವಾಗ ನನಗ ತಿಳಿಲಿಲ್ಲ. ಈಗ ತಿಳೀತು."

ಬೆಳಗಿನಿಂದ ಆದ ಆಘಾತಗಳೆಲ್ಲ ಹೊರಗಿನಿಂದ ಬಂದವು. ಈ ಮಾತು ನನ್ನನ್ನು ಬೇರೆಯೇ ರೀತಿಯಲ್ಲಿ ಅಲುಗಾಡಿಸಿತು. ವಾಹಿನಿಯವರು ಅವರಿಂದ ಒಂದು ಸಂಜೆಯನ್ನು ಕಿತ್ತುಕೊಂಡರೆಂದು ನಾವೆಲ್ಲ ಮರುಗುತ್ತಿದ್ದೆವು. ಅವರು ಕೆಲಸದ ಬಗ್ಗೆ ಯೋಚಿಸುತ್ತಿದ್ದರು.

ಆ ಸಂಜೆ ಯಾರೋ ಟಿವಿಯನ್ನೇ ಮೊಬೈಲಿನಲ್ಲಿ ಹಿಡಿದಿದ್ದರು. ಬೆಳಗಾಗುವುದರೊಳಗೆ ಅಂಕಿಗಳ ಸಮೇತ ಸಿಸ್ಟರ್ ಬೀದರ, ಭಾಲ್ಕಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದ್ದರು. ವಾಹಿನಿಯ ಮೇಲ್ವಿಚಾರಕಿ ನನಗೇ ನೇರ ಫೋನು ಮಾಡಿದರು.

"ಇದು ಹೊರಗೆ ಹೇಗೆ ಬಂತು?"

"ನಾನೇ ತೋರಿಸಿದೆ ಮೇಡಂ."

"ಇದರ ಪರಿಣಾಮ ಗೊತ್ತಲ್ಲವಾ ನಿಮಗೆ?"

ಗೊತ್ತು ಎಂದೆ. ಆಮೇಲೆ ತಡೆಯಲಾಗದೆ, ನಿಲ್ಲಿಸಿದ್ದು ಯಾಕೆ ಎಂದು ಕೇಳಿದೆ. ಭಾಷೆಯೋ, ಜಾಹೀರಾತಿನವರೋ, ನಮ್ಮ ಕೆಲಸದ್ದೇ ಕೊರತೆಯೋ?

"ನನಗೂ ಗೊತ್ತಿಲ್ಲ" ಎಂದರು. "ಇವತ್ತಿನಿಂದ ಇಲ್ಲ ಅಂತ ಮೇಲಿನಿಂದ ಮೆಸೇಜ್ ಬಂತು. ನಿಮ್ಮ ಡೈರೆಕ್ಟರ್‌ಗೆ ಫೋನ್ ಮಾಡುವುದಕ್ಕೆ ಸ್ವಲ್ಪ ಹೊತ್ತು ಮುಂಚೆಯಷ್ಟೇ ನನಗೂ ತಿಳಿದದ್ದು." ಅವರ ದನಿಯಲ್ಲೂ ಬೆರಗು ಇನ್ನೂ ಆರಿರಲಿಲ್ಲ. ಚಿತ್ರೀಕರಣ ತುಂಬಿಟ್ಟ ಎಲ್ಲ ಡಿಸ್ಕುಗಳನ್ನು ಅಂದೇ ಮಧ್ಯಾಹ್ನ ಸೀಲ್ ಮಾಡಿ ಬೆಂಗಳೂರಿಗೆ ಕಳಿಸಬೇಕೆಂದು ಹೇಳಿ ಫೋನು ಇಟ್ಟರು. ಆ ವಾಹಿನಿಯಿಂದ ನನಗೆ ಮತ್ತೆ ಕರೆ ಬಂದಿಲ್ಲ. ಕಾರಣ ಇಂದಿಗೂ ನಮ್ಮಲ್ಲಿ ಯಾರಿಗೂ ತಿಳಿದಿಲ್ಲ. ನಿರ್ದೇಶಕರು ಆ ದಿನವೆಲ್ಲ ಲಾಡ್ಜಿನ ಕೋಣೆಯಿಂದ ಹೊರಗೇ ಬರಲಿಲ್ಲ.

ನಾನು ಲಾಡ್ಜಿನ ನನ್ನ ಕೋಣೆಯಲ್ಲಿ ಡಿಸ್ಕುಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಸಿಸ್ಟರ್ ಬಂದರು. ಆಟೋದಲ್ಲಿ ಒಬ್ಬರೇ ಬಂದಿದ್ದರು. ವಿಡಿಯೊ ಓಡಾಡಿದ್ದರ ಬಗ್ಗೆ ಏನೂ ಹೇಳಲಿಲ್ಲ.

"ತಂಗಿ, ನಾ ಮಾಡಿದ್ದು ಉಳಿದಿದ್ದೆಲ್ಲಾ ಇದರಾಗೇ ಅದ ಏನ್ರಿ?"

"ಇದೆ ಸಿಸ್ಟರ್. ಮಧ್ಯಾಹ್ನಕ್ಕೆ ಕಳಿಸಬೇಕು."

"ಮಧ್ಯಾನಕ್ಕ ಇನ್ನ ಹೊತ್ತದ. ಒಮ್ಮೆ ತೋರಿಸ್ರಿ. ಮಂದಿ ಮುಂದ ಅಲ್ಲ, ನನಗಷ್ಟೇ. ಎಲ್ಲೆಲ್ಲಿ ತಪ್ಪ್ಯಾದ ನೋಡಬೇಕು."

ಅವರಿಗೆ ಇನ್ನೊಂದು ಪಾತ್ರ ಯಾರು ಕೊಡುತ್ತಾರೆಂದು ನಾನು ಕೇಳಲಿಲ್ಲ. ಒಂದೇ ಕುರ್ಚಿಯಿತ್ತು, ಅವರನ್ನು ಕೂರಿಸಿ ನಾನು ಮಂಚದ ಅಂಚಿಗೆ ಕೂತೆ. ಹೆಡ್‌ಫೋನನ್ನು ಅವರ ಕಿವಿಗೆ ಹಾಕಿದೆ. ತಮ್ಮ ದನಿಯನ್ನು ಅಷ್ಟು ಹತ್ತಿರದಿಂದ ಅವರು ಕೇಳಿದ್ದು ಅದೇ ಮೊದಲು. ಬೆಚ್ಚಿಬಿದ್ದು ನನ್ನ ಕೈ ಹಿಡಿದರು. ನಂತರ ಕೈ ಬಿಟ್ಟು, ಕನ್ನಡಕ ಸರಿಮಾಡಿಕೊಂಡು, ಪರದೆಯತ್ತ ಬಗ್ಗಿದರು. ಸ್ವಲ್ಪ ಹೊತ್ತಿಗೆ ಬೆರಳೆತ್ತಿ, "ಇಲ್ಲಿ ನಿಲ್ಲಸ್ರಿ" ಎಂದರು. "ಹಿಂದಕ್ಕ ತಗೋರಿ. ಮತ್ತೊಮ್ಮೆ ನೋಡೂಣ."